ಕಾಂಬೋ ತಗೊಳ್ಳೋದಾ, ಹೆಡ್ಡು-ಕ್ಯಾಬು ಬೇರೆಬೇರೆ ತಗೊಳ್ಳೋದಾ?

ಆರುತಂತಿ
ಗಿಟಾರಿಗೆ ಟ್ಯೂಬ್ ಆಂಪೇ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರೋ ಆಂಪ್ಲಿಫೈಯರ್) ಬೇಕು ಅಂತ ತೀರ್ಮಾನ ಆಗಿದೆ, ಅದರ ಬಗ್ಗೆ ಜಗಳ ಬೇಡ. ಸಿಕ್ಕಿಹಾಕಿಕೊಂಡಿರೋದು ಒಂದೇ ಕಡೆ: ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರೋ ಕಾಂಬೋನಾ, ಇಲ್ಲಾ ಆಂಪ್ ಮಾತ್ರ ಇರೋ ಹೆಡ್ಡು, ಅದಕ್ಕೆ ಬೇರೆ ಸ್ಪೀಕರ್ ಪೆಟ್ಟಿಗೆ, ಅಂದ್ರೆ ಕ್ಯಾಬಾ? ದಿನಾ ಮನೇಲಿ ಅಭ್ಯಾಸ, ವಾರಕ್ಕೊಂದು ಸಲ ಡ್ರಮ್ಸ್ ಜೊತೆ ರಿಹರ್ಸಲ್, ಅಪರೂಪಕ್ಕೆ ಸಣ್ಣ ವೇದಿಕೆ. ಎರಡು ಮಹಡಿ ಮೆಟ್ಟಿಲು, ಲಿಫ್ಟ್ ಇಲ್ಲ. ಬ್ಲೂಸ್ ಜಾಸ್ತಿ, ಸ್ವಲ್ಪ ಕ್ರಂಚ್ (ತುಸು ಒಡೆದ ದನಿ). ಮೆಟಲ್ ಇಲ್ಲ. ಕಣ್ಣಿಟ್ಟಿರೋದು 1×12ರ (12 ಇಂಚಿನ ಒಂದು ಸ್ಪೀಕರಿನ) 22 ವ್ಯಾಟ್ ಕಾಂಬೋ ಮೇಲೆ, ಇಲ್ಲಾಂದ್ರೆ 50 ವ್ಯಾಟ್ ಹೆಡ್ ಮತ್ತು 2×12 ಕ್ಯಾಬ್. ಹೆಡ್ ಅಂದ್ರೆ ಪಳಗಿದವರಿಗೆ, ಕಾಂಬೋ ಅಂದ್ರೆ ಕಲಿಯೋರಿಗೆ ಅಂತಾರಲ್ಲ, ಸೌಂಡಲ್ಲಿ ನಿಜವಾಗ್ಲೂ ಏನಾದ್ರೂ ವ್ಯತ್ಯಾಸ ಇದೆಯಾ? ಇಲ್ಲಾ ಎರಡು ಪೆಟ್ಟಿಗೆ ಒಂದರ ಮೇಲೊಂದು ಇಟ್ರೆ ನೋಡೋಕೆ ಚೆಂದ, ಅಷ್ಟೇನಾ?

ಫೀಡ್‌ಬ್ಯಾಕ್ ಫಕೀರ
ಲಿಫ್ಟ್ ಇಲ್ಲ ಅಂತ ನೀವೇ ಬರೆದಿದ್ದೀರಿ. ಇನ್ನೇನು ಚರ್ಚೆ? ಕಾಂಬೋ. ಮುಂದಿನ ಪ್ರಶ್ನೆ ಬರಲಿ.

ಓಮ್‌ಕಾರ
ಲಿಫ್ಟ್ ಇಲ್ಲದಿರೋದು ಹೆಡ್ ಪರವಾದ ವಾದ, ಫಕೀರರೇ. ಟ್ಯೂಬ್ ಇರೋ ಫೆಂಡರ್ ಟ್ವಿನ್ ರಿವರ್ಬ್ ಕಾಂಬೋ ಸುಮಾರು 29 ಕೆಜಿ. ವಾಕ್ಸ್ ಕಂಪನಿಯ ಎಸಿ30 ಕಾಂಬೋ ಅದಕ್ಕಿಂತ ಒಂದು ಕೈ ಮೇಲೆ, 32ರ ಹತ್ತಿರ. ಒಂದೇ ಪೆಟ್ಟಿಗೆ, ಒಂದೇ ಸಲಕ್ಕೆ ಎತ್ತಬೇಕು. ಅದೇ ತೂಕವನ್ನ ಎರಡು ಮಾಡಿದ್ರೆ ಎರಡು ಸಲ ಹತ್ತಿ ಇಳೀಬೇಕು ನಿಜ, ಆದ್ರೆ ಬೆನ್ನು ಹಿಡಿಯೋದು ಒಟ್ಟು ತೂಕಕ್ಕಲ್ಲ, ಒಂದು ಸಲಕ್ಕೆ ಎತ್ತಿದ ತೂಕಕ್ಕೆ.

ಆರುತಂತಿ, ನೀವು ಹೋಲಿಸ್ತಿರೋದೇ ಸರಿ ಇಲ್ಲ. 22 ವ್ಯಾಟಿನ 1×12 ಕಾಂಬೋ, ಫೆಂಡರ್ ಡಿಲಕ್ಸ್ ರಿವರ್ಬ್ ಜಾತಿಯದ್ದು, 19 ಕೆಜಿ ಆಸುಪಾಸು. 50 ವ್ಯಾಟ್ ಹೆಡ್ ಒಂದೇ ಹೆಚ್ಚುಕಮ್ಮಿ ಅಷ್ಟು ತೂಗುತ್ತೆ, ಅದರ ಮೇಲೆ 2×12 ಕ್ಯಾಬ್ 20 ಕೆಜಿ ದಾಟುತ್ತೆ. ಅಲ್ಲಿಗೆ ಒಟ್ಟು 40. ಕಾಂಬೋನಾ ಹೆಡ್ಡಾ ಅಂತ ಕೇಳ್ತಾ ನಿಜವಾಗಿ ಚಿಕ್ಕದಾ ದೊಡ್ಡದಾ ಅಂತ ಕೇಳ್ತಿದ್ದೀರಿ. 20 ವ್ಯಾಟ್ ಹೆಡ್ ಮತ್ತು 1×12 ಕ್ಯಾಬನ್ನ ಆ ಕಾಂಬೋ ಪಕ್ಕ ಇಟ್ಟು ನೋಡಿ, ಆಗ ಮಾತಾಡೋಣ.

ಮೈಕ್ ಹಿಂದಿರೋನು
ಸೌಂಡ್ ಪ್ರಶ್ನೆಗೆ ನೇರ ಉತ್ತರ: ಒಂದೇ ಸರ್ಕ್ಯೂಟು, ಒಂದೇ ಸ್ಪೀಕರು, ಅಷ್ಟೇ ಅಳತೆ ಪೆಟ್ಟಿಗೆ, ಹಿಂಬದಿಯೂ ಒಂದೇ ಥರ ಇದ್ರೆ ಮೈಕ್ ಮುಂದೆ ಎರಡೂ ಒಂದೇ. ಜನ ಹೆಡ್ ಸೌಂಡು ಅನ್ನೋದು ಹಿಂಬದಿ ಮುಚ್ಚಿದ ಕ್ಯಾಬಿನ ಸೌಂಡು. ಕಾಂಬೋ ಸೌಂಡು ಅನ್ನೋದು ಹಿಂಬದಿ ತೆರೆದ ಪೆಟ್ಟಿಗೆಯ ಸೌಂಡು. ಹೆಸರು ತಪ್ಪಿ ಅಂಟಿಕೊಂಡಿದೆ, ಅಷ್ಟೇ.

ಫೆಂಡರ್ ಬಾಸ್‌ಮನ್ 5ಎಫ್6-ಎ ಅನ್ನೋದು 4×10 ಕಾಂಬೋ, ಹಿಂಬದಿ ತೆರೆದದ್ದು. ಮಾರ್ಷಲ್‌ನವರ ಜೆಟಿಎಂ45 ಹುಟ್ಟಿದ್ದು ಅದೇ ಸರ್ಕ್ಯೂಟಿನಿಂದ. ಮೊದಲ ಟ್ಯೂಬ್ ಬದಲಾಯ್ತು, ಟ್ರಾನ್ಸ್‌ಫಾರ್ಮರ್ ಬದಲಾಯ್ತು, ಆದ್ರೆ ಕಿವಿಗೆ ಎದ್ದು ಕಾಣೋ ಬದಲಾವಣೆ ಅಂದ್ರೆ ಹೆಡ್ ಮಾಡಿ ಮುಚ್ಚಿದ 4×12 ಮೇಲೆ ಕೂರಿಸಿದ್ದು. ಅದೇ ಜೆಟಿಎಂ45ನ ತಿರುಗಿ 2×12 ಕಾಂಬೋಗೆ ಹಾಕಿದಾಗ ಮತ್ತೆ ಇನ್ನೊಂದೇ ದನಿ. ಆ ಕಾಂಬೋಗೆ 1962 ಅಂತಾರೆ. ಅದು ಮಾಡೆಲ್ ನಂಬರು, ವರ್ಷ ಅಲ್ಲ. ಪ್ರತಿ ಸಲ ಯಾರಾದ್ರೂ ಒಬ್ಬರು ಇದಕ್ಕೆ ಜಗಳ ತೆಗೀತಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಪಿಕ್ ಕಳ್ಳ
1960 ಅನ್ನೋ ಕ್ಯಾಬ್ ಕೂಡ 1960ರದ್ದಲ್ಲ. ಆ ಕಂಪನಿಯಲ್ಲಿ ಕ್ಯಾಲೆಂಡರ್ ನೋಡಿ ಹೆಸರಿಡ್ತಿದ್ರೇನೋ.

ತಂಗಾಳಿ
ಹಿಂಬದಿ ತೆರೆದಿದ್ರೆ ಏನಾಗುತ್ತೆ ಅಂತ ಯಾರಾದ್ರೂ ಸ್ವಲ್ಪ ಬಿಡಿಸಿ ಹೇಳ್ತೀರಾ? ಎಲ್ಲ ಕಡೆ 'ಗಾಳಿಯಾಡುತ್ತೆ' ಅಂತ ಬರೆದಿರ್ತಾರೆ. ಏನೂ ಅರ್ಥ ಆಗಲ್ಲ.

ಮೈಕ್ ಹಿಂದಿರೋನು
ಸ್ಪೀಕರಿನ ಕೋನು (ಅದುರೋ ಕಾಗದದ ಶಂಕು) ಮುಂದಕ್ಕೆ ತಳ್ಳಿದಾಗ ಹಿಂದೆ ಎಳೀತಿರುತ್ತೆ. ಅಂದ್ರೆ ಮುಂದಿನ ಅಲೆ, ಹಿಂದಿನ ಅಲೆ ಒಂದಕ್ಕೊಂದು ಉಲ್ಟಾ. ಹಿಂಬದಿ ತೆರೆದಿದ್ರೆ ಕೆಳಗಿನ ಸ್ವರದ ಉದ್ದ ಅಲೆಗಳು ಪೆಟ್ಟಿಗೆ ಸುತ್ತ ಬಳಸಿ ಬಂದು ಒಂದನ್ನೊಂದು ಹೊಡೆದುಹಾಕುತ್ವೆ. ಹಾಗಾಗಿ ತಳದ ಬಾಸ್ ಸೋರಿಹೋಗುತ್ತೆ. ಪೆಟ್ಟಿಗೆ ಚಿಕ್ಕದಾದಷ್ಟೂ ಸೋರಿಕೆ ಇನ್ನೂ ಮೇಲಿನ ಸ್ವರದಿಂದಲೇ ಶುರು. ಬದಲಿಗೆ ಸಿಗೋದು ಏನಪ್ಪಾ ಅಂದ್ರೆ ಹಿಂದಿನ ಸೌಂಡು ಗೋಡೆಗೆ ಬಡಿದು ಕೋಣೆ ತುಂಬುತ್ತೆ, ಡ್ರಮ್ಮರ್‌ಗೂ ಗಿಟಾರ್ ಕೇಳುತ್ತೆ.

ಮುಚ್ಚಿದ ಕ್ಯಾಬಲ್ಲಿ ಹಿಂದಿನ ಅಲೆ ಒಳಗೇ ಉಳಿಯುತ್ತೆ. ಒಳಗಿನ ಗಾಳಿ ಸ್ಪ್ರಿಂಗ್ ಥರ ಕೋನನ್ನ ಹಿಡಿಯುತ್ತೆ. ಬಾಸ್ ಗಟ್ಟಿ, ಪಾಮ್ ಮ್ಯೂಟ್ ಮಾಡಿದ್ರೆ (ಅಂಗೈಯಿಂದ ತಂತಿ ಅದುಮಿ ನುಡಿಸಿದ್ರೆ) ಎದೆಗೆ ಬಡಿಯುತ್ತೆ. ಆದ್ರೆ ಸೌಂಡು ಮುಂದಕ್ಕೇ ಬಾಣದ ಥರ ಹೋಗುತ್ತೆ, ಪಕ್ಕದಲ್ಲಿ ನಿಂತವರಿಗೆ ಮಂಕು.

ಹಿಂಬದಿಗೆ ಮೂರು ಹಲಗೆ ಇದ್ದು ನಡುವಿನದ್ದನ್ನ ಸ್ಕ್ರೂ ಬಿಚ್ಚಿ ತೆಗೆಯೋ ಕ್ಯಾಬ್‌ಗಳೂ ಇವೆ. ಒಂದೇ ಕ್ಯಾಬ್ ಕೊಳ್ಳೋರಿಗೆ ಅಂಥದ್ದೇ ವಾಸಿ.

ಫೀಡ್‌ಬ್ಯಾಕ್ ಫಕೀರ
ತೆರೆದ ಕಾಂಬೋನ ಗೋಡೆಗೆ ಒತ್ತಿ ಇಡಬೇಡಿ ಅನ್ನೋದನ್ನೂ ಸೇರಿಸಿ. ಒಂದು ಅಡಿಯಾದ್ರೂ ಬಿಡಿ. ಗೋಡೆಯಿಂದ ಹಿಂದೆ ಮುಂದೆ ಸರಿಸಿದ್ರೆ ಬಾಸ್ ಎಷ್ಟು ಬದಲಾಗುತ್ತೆ ಅಂದ್ರೆ, ಅರ್ಧ ಜನ ಸೌಂಡ್ ಬದಲಿಸೋ ಪೆಡಲ್ ಕೊಳ್ಳೋದು ನಿಲ್ಲಿಸ್ತಾರೆ.

ಆರುತಂತಿ
ಸರಿ, ಹೋಲಿಕೆ ತಪ್ಪು ಅಂತ ಒಪ್ಪಿದೆ. ಆದ್ರೂ 22 ವ್ಯಾಟ್ ಡ್ರಮ್ಸ್ ಮುಂದೆ ಕೇಳುತ್ತಾ? 50 ಅಂದ್ರೆ ಎರಡರಷ್ಟಕ್ಕಿಂತ ಜಾಸ್ತಿ ಜೋರು ಅಲ್ವಾ?

ಓಮ್‌ಕಾರ
ಅಲ್ಲವೇ ಅಲ್ಲ. ಪವರ್ ಎರಡು ಪಟ್ಟಾದ್ರೆ 3 ಡೆಸಿಬೆಲ್ ಏರುತ್ತೆ. ಕಿವಿಗೆ 'ಎರಡು ಪಟ್ಟು ಜೋರು' ಅನ್ನಿಸೋಕೆ ಸುಮಾರು 10 ಡೆಸಿಬೆಲ್ ಬೇಕು, ಅಂದ್ರೆ ಹತ್ತು ಪಟ್ಟು ಪವರ್. 22ರಿಂದ 50ಕ್ಕೆ ಹೋದ್ರೆ ಸಿಗೋದು ಮೂರೂವರೆ ಡೆಸಿಬೆಲ್. ಪಕ್ಕದ ಕೋಣೆಯಲ್ಲಿರೋರಿಗೆ ಗೊತ್ತೂ ಆಗ್ಲಿಕ್ಕಿಲ್ಲ.

ಈಗ ಯಾರೂ ನೋಡದ ಅಂಕಿ ನೋಡಿ: ಸ್ಪೀಕರಿನ ಸೆನ್ಸಿಟಿವಿಟಿ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದದ್ದು. ಸೆಲೆಸ್ಟಿಯನ್ ಜಿ12ಟಿ-75ಕ್ಕೆ 97 ಡೆಸಿಬೆಲ್, ಗ್ರೀನ್‌ಬ್ಯಾಕಿಗೆ 98, ವಿಂಟೇಜ್ 30ಕ್ಕೆ 100, ಎಮಿನೆನ್ಸ್ ಕ್ಯಾನಬಿಸ್ ರೆಕ್ಸ್‌ಗೆ 102. 97ರ ಸ್ಪೀಕರ್ ತೆಗೆದು 100ರದ್ದು ಹಾಕಿದ್ರೆ 22 ವ್ಯಾಟ್ ಆಂಪ್ 44 ವ್ಯಾಟಿನ ಹಾಗೆ ವರ್ತಿಸುತ್ತೆ. ಟ್ರಾನ್ಸ್‌ಫಾರ್ಮರ್ ತೂಕ ಒಂದು ಗ್ರಾಮೂ ಹೆಚ್ಚಲ್ಲ.

98ರ ಸ್ಪೀಕರಿಗೆ 22 ವ್ಯಾಟ್ ಪೂರ್ತಿ ಕೊಟ್ರೆ ಒಂದು ಮೀಟರಲ್ಲಿ 111 ಡೆಸಿಬೆಲ್. ಡ್ರಮ್ಸ್ ಮುಂದೆ ಕೇಳುತ್ತೆ. ಆದ್ರೆ ಕ್ಲೀನಾಗಿ ಕೇಳುತ್ತಾ ಅನ್ನೋದು ಬೇರೆ ಪ್ರಶ್ನೆ. ಜೋರಾಗಿ ಬಾರಿಸೋ ಡ್ರಮ್ಮರ್ ಜೊತೆ 22 ವ್ಯಾಟಿನ ದನಿ ಒಡೆಯೋಕೆ (ಡಿಸ್ಟಾರ್ಟ್ ಆಗೋಕೆ) ಶುರುವಾಗುತ್ತೆ. ಬ್ಲೂಸಿಗೆ ಅದೇ ಬೇಕಾಗಿರೋದು. ಜಾಜಿನವರು, ಫಂಕಿನವರು 'ಒಡೀಬಾರದು' ಅಂತ ಹಟ ಹಿಡಿದ್ರೆ ಮಾತ್ರ 40-50 ವ್ಯಾಟಿಗೆ ಅರ್ಥ.

ಘನಸ್ಥಿತಿ
ಅಥವಾ ಟ್ರಾನ್ಸಿಸ್ಟರ್. 1975ರಿಂದ ರೋಲ್ಯಾಂಡ್ ಕಂಪನಿಯ ಜೆಸಿ-120 ಇದೆ, 60+60 ವ್ಯಾಟ್, ಒಡೆಯೋ ಮಾತೇ ಇಲ್ಲ.

ಫೀಡ್‌ಬ್ಯಾಕ್ ಫಕೀರ
ಮೊದಲನೇ ಸಾಲಲ್ಲೇ ಟ್ಯೂಬ್ ಅಂತ ಬರೆದಿದ್ದಾರೆ ಸ್ವಾಮಿ.

ಘನಸ್ಥಿತಿ
ಓದಿದ್ದೀನಿ ಸ್ವಾಮಿ. ತೂಕದ ಮಾತು ಬಂತು ಅಂತ ಹೇಳಿದೆ. ಅದೇ ಟ್ವಿನ್ ರಿವರ್ಬಿನ ಡಿಜಿಟಲ್ ರೂಪ ಟೋನ್ ಮಾಸ್ಟರ್, ಹಗುರ ನಿಯೋಡಿಮಿಯಮ್ ಸ್ಪೀಕರ್ ಹಾಕಿ 15 ಕೆಜಿ. ಅರ್ಧ! ಕ್ಲಾಸ್-ಡಿ (ಹಗುರ ಟ್ರಾನ್ಸಿಸ್ಟರ್ ಪವರ್ ಇರೋ) ಹೆಡ್‌ಗಳಲ್ಲಿ 3 ಕೆಜಿಗಿಂತ ಕಮ್ಮಿ ಇರೋವು ಬೇಕಾದಷ್ಟಿವೆ, ಗಿಟಾರ್ ಚೀಲದ ಜೇಬಿಗೇ ಹೋಗುತ್ತೆ. ಹೆಡ್ಡಾ ಕಾಂಬೋನಾ ಅನ್ನೋ ಜಗಳದ ಅರ್ಧ ಭಾಗ ಕಬ್ಬಿಣದ ಟ್ರಾನ್ಸ್‌ಫಾರ್ಮರಿನ ಜಗಳ.

ಬೆಸುಗೆ
ಎಲ್ಲ ಸರಿ ಮಾರಾಯ್ರೆ, ಆದ್ರೆ ಹೆಡ್ ತಗೊಳ್ಳುವವರಿಗೆ ಒಂದು ವಿಷಯ ಹೇಳ್ಲಿಕ್ಕುಂಟು. ಕಾಂಬೋದಲ್ಲಿ ಸ್ಪೀಕರ್ ಒಳಗೇ ಜೋಡಿಸಿ ಕೊಟ್ಟಿರ್ತಾರೆ, ತಲೆಬಿಸಿ ಇಲ್ಲ. ಹೆಡ್ ಅಂದ್ರೆ ಪ್ರತಿ ಸಲ ನೀವೇ ಜೋಡಿಸ್ಬೇಕು. ಜೋಡಿಸುವುದರಲ್ಲಿ ತಪ್ಪಿದ್ರೆ ಟ್ಯೂಬಿಗೂ ಸ್ಪೀಕರಿಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಯ್ತು ಅಂತ್ಲೇ ಲೆಕ್ಕ.

ಟ್ಯೂಬ್ ಹೆಡ್ಡನ್ನ ಸ್ಪೀಕರ್ ಇಲ್ಲದೆ ಆನ್ ಮಾಡಿ ನುಡಿಸ್ಲಿಕ್ಕೇ ಇಲ್ಲ. ಲೋಡ್, ಅಂದ್ರೆ ಸ್ಪೀಕರ್, ಇಲ್ಲದಿದ್ರೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ (ಟ್ಯೂಬ್ ಕಡೆಯ ಸುರುಳಿಯಲ್ಲಿ) ವೋಲ್ಟೇಜ್ ಸಾವಿರಗಟ್ಟಲೆಗೆ ಏರಿ ಸುರುಳಿಯ ಒಳಗೆ ಇಲ್ಲಾ ಟ್ಯೂಬ್ ಸಾಕೆಟಿನ ಕಾಲುಗಳ ನಡುವೆ ಕಿಡಿ ಹಾರ್ತದೆ. ಸಾಕೆಟಲ್ಲಿ ಒಮ್ಮೆ ಕರಿ ಗೆರೆ ಬಿತ್ತು ಅಂದ್ರೆ ಮತ್ತೆ ಅದೇ ದಾರಿಯಲ್ಲಿ ಕಿಡಿ ಹಾರ್ತಾ ಇರ್ತದೆ.

ಎರಡನೆಯದು ಕೇಬಲ್. ಗಿಟಾರ್ ಕೇಬಲಿಗೂ ಸ್ಪೀಕರ್ ಕೇಬಲಿಗೂ ತುದಿ ಒಂದೇ ಥರ ಕಾಣ್ತದೆ, ಒಳಗೆ ಬೇರೆ. ಗಿಟಾರ್ ಕೇಬಲಲ್ಲಿ ನಡುವೆ ಕೂದಲಿನಂಥ ಒಂದು ಎಳೆ, ಸುತ್ತ ಜಾಲರಿ. ಸ್ಪೀಕರ್ ಕೇಬಲಲ್ಲಿ ಒಂದೇ ದಪ್ಪದ ಎರಡು ತಂತಿ. 50 ವ್ಯಾಟ್ 8 ಓಮಿನ ಕ್ಯಾಬಿಗೆ (ಓಮ್ ಅಂದ್ರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಹೋಗುವಾಗ ಎರಡೂವರೆ ಆಂಪಿಯರ್ ಹರೀತದೆ. ತೆಳು ಎಳೆ ಬಿಸಿಯಾಗಿ ಕಡಿದ್ರೆ ಲೋಡ್ ಇಲ್ಲದ ಹಾಗಾಯ್ತು, ಮೇಲೆ ಹೇಳಿದ ಕಥೆಯೇ. 1.5 ಚದರ ಮಿಲಿಮೀಟರಿನ ತಂತಿ, ಒಂದೂವರೆ ಮೀಟರ್ ಉದ್ದ, ಸಾಕು. ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ ಇಡಿ, ಕತ್ತಲಲ್ಲಿ ಗಡಿಬಿಡಿಯಲ್ಲಿ ತಪ್ಪುವುದಿಲ್ಲ.

ಪಿಕ್ ಕಳ್ಳ
ಓಮ್ ಲೆಕ್ಕ ಸುಲಭ. ಆಂಪಿನ ಮೇಲೆ ಬರೆದಿರೋದಕ್ಕಿಂತ ಜಾಸ್ತಿ ಓಮಿನ ಕ್ಯಾಬ್ ಹಾಕಿದ್ರೆ ಯಾವಾಗ್ಲೂ ಸೇಫ್, ಕಮ್ಮಿ ಹಾಕಬಾರದು. ಅಷ್ಟೇ ನೆನಪಿಟ್ಟುಕೊಳ್ಳಿ.

ಬೆಸುಗೆ
ಇದೇ ನೋಡಿ, ಇದೇ! ಅದು ಟ್ರಾನ್ಸಿಸ್ಟರ್ ಆಂಪಿನ ನಿಯಮ. ಟ್ಯೂಬಿಗೆ ತಂದು ಅಂಟಿಸ್ಬೇಡಿ.

ಟ್ರಾನ್ಸಿಸ್ಟರ್: 'ಕನಿಷ್ಠ 4 ಓಮ್' ಅಂತಿದ್ರೆ 8 ಹಾಕಿ, 16 ಹಾಕಿ, ಏನೂ ಹಾಕದೆ ಬಿಡಿ, ತೊಂದರೆ ಇಲ್ಲ. ಪವರ್ ಕಮ್ಮಿ ಬರ್ತದೆ ಅಷ್ಟೆ. 4ಕ್ಕಿಂತ ಕೆಳಗೆ ಹೋದ್ರೆ, ಶಾರ್ಟ್ ಆದ್ರೆ ಹೋಯ್ತು.

ಟ್ಯೂಬ್: ಹೊಂದ್ಲೇ ಬೇಕು. 8ರ ಜ್ಯಾಕಿಗೆ 8ರ ಕ್ಯಾಬ್, 16ಕ್ಕೆ 16. ಕ್ಯಾಬಿನ ಓಮ್ ಜಾಸ್ತಿಯಾದ್ರೆ ಪ್ರೈಮರಿ ವೋಲ್ಟೇಜ್ ಏರ್ತದೆ, ಟ್ರಾನ್ಸ್‌ಫಾರ್ಮರಿಗೆ ಅಪಾಯ. ಕಮ್ಮಿಯಾದ್ರೆ ಕರೆಂಟ್ ಜಾಸ್ತಿ, ಪವರ್ ಟ್ಯೂಬ್ ಬೇಗ ಸವೀತದೆ. ಟ್ಯೂಬ್ ಬದಲಾಯಿಸ್ಬಹುದು, ಟ್ರಾನ್ಸ್‌ಫಾರ್ಮರ್ ಬದಲಾಯಿಸುವುದು ಅಷ್ಟು ಸುಲಭ ಅಲ್ಲ. ಹಾಗಾಗಿ ಅನಿವಾರ್ಯವಾದ್ರೆ ಟ್ಯೂಬಲ್ಲಿ ಕಮ್ಮಿ ಕಡೆಗೇ ಒಂದು ಹೆಜ್ಜೆ ತಪ್ಪಿ, ಜಾಸ್ತಿ ಕಡೆಗಲ್ಲ. ನೀವು ಹೇಳಿದ್ದರ ಉಲ್ಟಾ.

ಪಿಕ್ ಕಳ್ಳ
ಸರಿ ಸರಿ, ತಪ್ಪಾಯ್ತು. ಕದ್ದ ಪಿಕ್ ವಾಪಸ್ ಕೊಡ್ತೀನಿ.

ಓಮ್‌ಕಾರ
ಬೆಸುಗೆಯವರ ಮಾತಿಗೆ ಸಣ್ಣ ತಿದ್ದುಪಡಿ. ಒಂದು ಹೆಜ್ಜೆ, ಅಂದ್ರೆ ಎರಡು ಪಟ್ಟು ಇಲ್ಲಾ ಅರ್ಧದಷ್ಟು ತಪ್ಪಿದ್ರೆ ಗಟ್ಟಿಮುಟ್ಟಾದ ಆಂಪ್ ತಕ್ಷಣ ಸಾಯಲ್ಲ. ಫೆಂಡರ್ ಕಾಂಬೋಗಳಲ್ಲಿ ಎರಡನೇ ಸ್ಪೀಕರ್ ಜ್ಯಾಕ್ ಇರೋದೇ ಆ ಧೈರ್ಯದ ಮೇಲೆ: ಒಳಗಿನ 8 ಓಮ್ ಜೊತೆ ಹೊರಗಿನ 8 ಪ್ಯಾರಲಲ್ ಆಗಿ 4 ಆಗುತ್ತೆ, ಟ್ರಾನ್ಸ್‌ಫಾರ್ಮರ್ ಮಾತ್ರ 8ಕ್ಕೇ ಸುತ್ತಿದ್ದು. ಆದ್ರೆ ಎಲ್ಲ ಕಂಪನಿಗೂ ಇದು ಅನ್ವಯಿಸಲ್ಲ. ಕೈಪಿಡಿ ಓದಿ.

ಪ್ಯಾರಲಲ್ ಲೆಕ್ಕ: 16 ಮತ್ತು 16 ಸೇರಿದ್ರೆ 8. 8 ಮತ್ತು 8 ಸೇರಿದ್ರೆ 4. 8 ಮತ್ತು 16 ಸೇರಿದ್ರೆ 5.3, ಅದರಲ್ಲಿ 8ರ ಸ್ಪೀಕರಿಗೆ ಮೂರರಲ್ಲಿ ಎರಡು ಪಾಲು ಪವರ್ ಹೋಗುತ್ತೆ. ಇದನ್ನ ಮರೆತು 25 ವ್ಯಾಟಿನ ಸ್ಪೀಕರ್ ಸುಟ್ಟವರು ಕಮ್ಮಿ ಇಲ್ಲ.

ತಂಗಾಳಿ
ಒಂದೇ ಕ್ಯಾಬಲ್ಲಿ 25 ವ್ಯಾಟ್ ಗ್ರೀನ್‌ಬ್ಯಾಕ್, 60 ವ್ಯಾಟ್ ವಿಂಟೇಜ್ 30 ಜೋಡಿಸಿದ್ರೆ 85 ವ್ಯಾಟ್ ತಡೆಯುತ್ತೆ ತಾನೇ?

ಓಮ್‌ಕಾರ
50. ಓಮ್ ಒಂದೇ ಆದ್ರೆ ಪವರ್ ಸಮಪಾಲು. ಒಂದಕ್ಕೆ 25 ಮುಟ್ಟಿದಾಗ ಇನ್ನೊಂದಕ್ಕೂ 25. ದುರ್ಬಲ ಸ್ಪೀಕರನ್ನ ಎರಡರಿಂದ ಗುಣಿಸಿ, ಅಷ್ಟೇ. ಜೊತೆಗೆ 50 ವ್ಯಾಟಿನ ಟ್ಯೂಬ್ ಹೆಡ್ಡನ್ನ ಪೂರ್ತಿ ಒಡೆಸಿದ್ರೆ 50ರಲ್ಲಿ ನಿಲ್ಲಲ್ಲ, 70 ದಾಟಬಹುದು. ಆ ಅಂಕಿ ಕ್ಲೀನ್ ಸೌಂಡಿಗೆ ಅಳೆದದ್ದು. ಹಾಗಾಗಿ ಕ್ಯಾಬಿನ ವ್ಯಾಟ್ ಹೆಡ್ಡಿನ ಒಂದೂವರೆ ಪಟ್ಟಾದ್ರೂ ಇರಲಿ, ಎರಡು ಪಟ್ಟಿದ್ರೆ ನಿಶ್ಚಿಂತೆ.

ನಾಲ್ಕು ತಂತಿ
ಬಾಸ್ ನುಡಿಸಾವ್ರಿಗೆ ಈ ಚರ್ಚಾನ ಬ್ಯಾರೆ ನೋಡ್ರಿ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ನಮ್ದು 41. ಐದು ತಂತಿ ಇದ್ರ 31. ಹಿಂದ ತೆರೆದಿರೋ ಗಿಟಾರ್ ಕಾಂಬೋಕ್ಕ ಬಾಸ್ ಹಚ್ಚಿದ್ರ ಕೋನ್ ಹಿಡಿಯೋರ ಇರಂಗಿಲ್ಲ, ಹಿಂದ ಮುಂದ ಹಾರಿ ಕಾಯಿಲ್ ಕಿತ್ಕೊಂಡು ಬರ್ತದ. 1969ರಾಗ ಆಂಪೆಗ್‌ನವ್ರು ಎಸ್‌ವಿಟಿ ತಂದಾಗ 300 ವ್ಯಾಟಿನ ಹೆಡ್, ಅದಕ್ಕ 8×10 ಕ್ಯಾಬ್ ಎರಡು. ಅದನ್ನ ಕಾಂಬೋ ಮಾಡ್ರಿ ನೋಡೋಣು!

ಪಿಕ್ ಕಳ್ಳ
ಮಾಡಬಹುದು. ಕೆಳಗೆ ಚಕ್ರ, ಮುಂದೆ ಎಂಜಿನ್, ಹಿಂದೆ ಕ್ಲೀನರ್.

ಬೆಸುಗೆ
ದಾರಿಗೆ ಬನ್ನಿ. ಕಾಂಬೋದ ನಿಜವಾದ ಕಷ್ಟ ನಡುಕ. ಸ್ಪೀಕರ್ ಇರುವ ಪೆಟ್ಟಿಗೆಯಲ್ಲೇ ಟ್ಯೂಬ್ ನೇತಾಡ್ತಾ ಇರ್ತದೆ. ವರ್ಷಗಟ್ಟಲೆ ಅದುರಿದ್ರೆ ಪ್ರಿಆಂಪ್ ಟ್ಯೂಬ್ (ಗಿಟಾರಿನ ಸಿಗ್ನಲನ್ನ ಮೊದಲು ಹಿಗ್ಗಿಸುವ ಸಣ್ಣ ಟ್ಯೂಬ್) ಮೈಕ್ರೋಫೋನಿಕ್ ಆಗ್ತದೆ, ಅಂದ್ರೆ ಟ್ಯೂಬೇ ಮೈಕಿನ ಹಾಗೆ ನಡುಕವನ್ನ ಹಿಡೀತದೆ. ಕೆಲವು ಸ್ವರಕ್ಕೆ ಗಂಟೆ ಹೊಡೆದ ಹಾಗೆ ಟಿಂಗ್ ಅಂತದೆ, ವಾಲ್ಯೂಮ್ ಏರಿಸಿದ್ರೆ ಕೂಗ್ತದೆ.

ಪರೀಕ್ಷೆ ಮಾಡುವ ಕ್ರಮ: ಗಿಟಾರ್ ತೆಗೀರಿ, ವಾಲ್ಯೂಮ್ ಅರ್ಧಕ್ಕೆ, ಪೆನ್ಸಿಲಿನ ಮರದ ತುದಿಯಿಂದ ಒಂದೊಂದೇ ಸಣ್ಣ ಟ್ಯೂಬನ್ನ ಮೆಲ್ಲ ತಟ್ಟಿ. ಎಲ್ಲವೂ ಸ್ವಲ್ಪ ಟಕ್ ಅಂತದೆ, ಹೆದರ್ಲಿಕ್ಕಿಲ್ಲ. ಯಾವುದು ಟಣ್ ಅಂತ ಎಳೀತದೋ ಅದೇ ಕಳ್ಳ. ಹೆಚ್ಚಾಗಿ ಇನ್‌ಪುಟ್ ಜ್ಯಾಕಿನ ಪಕ್ಕದ ಮೊದಲನೆಯದು, ಯಾಕಂದ್ರೆ ಅಲ್ಲಿಂದ ಮುಂದೆ ಎಲ್ಲ ಹಂತದಲ್ಲೂ ಸದ್ದು ಹಿಗ್ಗುತ್ತಾ ಹೋಗ್ತದೆ. ಆಫ್ ಮಾಡಿ, ಆರ್ಲಿಕ್ಕೆ ಬಿಟ್ಟು, ಅದನ್ನೇ ಫೇಸ್ ಇನ್ವರ್ಟರ್ ಜಾಗಕ್ಕೆ (ಪವರ್ ಟ್ಯೂಬಿಗಿಂತ ಸ್ವಲ್ಪ ಮುಂಚಿನ ಸಣ್ಣ ಟ್ಯೂಬಿನ ಜಾಗ) ಹಾಕಿ, ಅಲ್ಲಿಂದ ಒಳ್ಳೆಯದನ್ನ ಮೊದಲಿಗೆ ತನ್ನಿ. ಹಲವು ಸಲ ಹೊಸ ಟ್ಯೂಬ್ ತರುವ ಖರ್ಚೇ ಉಳೀತದೆ.

ಫೀಡ್‌ಬ್ಯಾಕ್ ಫಕೀರ
ಹೆಡ್ ಕೂಡ ಕ್ಯಾಬ್ ಮೇಲೇ ಕೂತಿರುತ್ತಲ್ಲ, ಅದು ನಡುಗಲ್ವಾ?

ಬೆಸುಗೆ
ನಡುಗ್ತದೆ, ಕಮ್ಮಿ. ನಡುವೆ ದಪ್ಪ ರಬ್ಬರ್ ಕಾಲೋ ಫೋಮ್ ಹಾಳೆಯೋ ಇಟ್ರೆ ಇನ್ನೂ ಕಮ್ಮಿ. ಬೇಕಾದ್ರೆ ಹೆಡ್ಡನ್ನ ಪಕ್ಕದ ಸ್ಟೂಲ್ ಮೇಲೆ ಇಡ್ಲಿಕ್ಕಾಗ್ತದೆ, ಕಾಂಬೋದಲ್ಲಿ ಆ ದಾರಿಯೇ ಇಲ್ಲ. ಫೆಂಡರಿನವರು 1960ರ ದಶಕದ ಶುರುವಿಗೆ ಶೋಮನ್ ಅಂಥದ್ದರಲ್ಲಿ ಆಂಪನ್ನೂ ಸ್ಪೀಕರನ್ನೂ ಬೇರೆ ಮಾಡಿದ್ದು, ವ್ಯಾಟ್ ಏರಿ ಪೆಟ್ಟಿಗೆ ದೊಡ್ಡದಾದಾಗ.

ಫೋಮ್ ಇಡುವಾಗ ಗಾಳಿ ಹೋಗುವ ಜಾಲರಿ ಮುಚ್ಬೇಡಿ ಮತ್ತೆ.

ಮೈಕ್ ಹಿಂದಿರೋನು
ರಿವರ್ಬ್ (ದೊಡ್ಡ ಕೋಣೆಯಲ್ಲಿ ನುಡಿಸಿದಂಥ ಅನುರಣನ) ಬಗ್ಗೆ ಯಾರೂ ಹೇಳಲಿಲ್ಲ. ಸ್ಪ್ರಿಂಗ್ ರಿವರ್ಬಿನ ಉದ್ದ ಟ್ಯಾಂಕ್ (ಸ್ಪ್ರಿಂಗ್ ಇರೋ ಡಬ್ಬಿ) ಸುಮಾರು 43 ಸೆಂಟಿಮೀಟರ್. ಕಾಂಬೋ ತಳದಲ್ಲಿ ಆರಾಮಾಗಿ ಮಲಗುತ್ತೆ, ಆದ್ರೆ ಸ್ಪೀಕರ್ ಪಕ್ಕದಲ್ಲೇ ಇರೋದ್ರಿಂದ ಜೋರು ಮಾಡಿದ್ರೆ ಸ್ಪ್ರಿಂಗ್ ಗುಂಯ್ಗುಡುತ್ತೆ. ಟ್ಯಾಂಕಿನ ಚೀಲದೊಳಗೆ ದಪ್ಪ ರಟ್ಟು ಹಾಕಿ ಕೂರಿಸಿದ್ರೆ ಅರ್ಧ ತಗ್ಗುತ್ತೆ. ಹೆಡ್ಡಲ್ಲಿ ಆ ನಡುಕ ಇಲ್ಲ, ಬದಲಿಗೆ ಟ್ಯಾಂಕು ಪವರ್ ಟ್ರಾನ್ಸ್‌ಫಾರ್ಮರಿನ ಮಗ್ಗುಲಿಗೇ ಬರುತ್ತೆ, ಹಮ್ ಹಿಡಿಯುತ್ತೆ. ಟ್ಯಾಂಕಿನ ಔಟ್‌ಪುಟ್ ತುದಿ ಟ್ರಾನ್ಸ್‌ಫಾರ್ಮರಿನಿಂದ ದೂರ ಇರೋ ಹಾಗೆ ತಿರುಗಿಸಬೇಕು. ಚಿಕ್ಕ ಹೆಡ್‌ಗಳಲ್ಲಿ ಉದ್ದ ಟ್ಯಾಂಕಿಗೆ ಜಾಗವೇ ಇರಲ್ಲ, ಚಿಕ್ಕದು ಹಾಕ್ತಾರೆ, ಡಿಜಿಟಲ್ ಹಾಕ್ತಾರೆ, ಇಲ್ಲಾ ಬಿಟ್ಟೇಬಿಡ್ತಾರೆ. ರಿವರ್ಬ್ ಬೇಕೇಬೇಕು ಅನ್ನೋ ಬ್ಲೂಸಿನವರಿಗೆ ಇದು ಸಣ್ಣ ವಿಷಯ ಅಲ್ಲ.

ಆರುತಂತಿ
ರಿವರ್ಬ್ ಬೇಕು. ಮನೇಲಿ ಅಭ್ಯಾಸದ ಬಗ್ಗೆ? 22 ವ್ಯಾಟೂ ಜೋರಾಯ್ತು ಅನ್ನಿಸ್ತಿದೆ ಈಗ ಅಂಕಿ ನೋಡಿ.

ಓಮ್‌ಕಾರ
1 ವ್ಯಾಟೂ ಜೋರೇ. ಒಂದು ಮೀಟರಲ್ಲಿ 98 ಡೆಸಿಬೆಲ್ ಅಂತ ಮೇಲೇ ಇದೆಯಲ್ಲ. ವ್ಯಾಟ್ ನೋಡಿ ಮನೆಗೆ ಹೊಂದುತ್ತೆ ಅಂದುಕೊಳ್ಳೋದು ಭ್ರಮೆ. ಮಾಸ್ಟರ್ ವಾಲ್ಯೂಮ್ (ಒಡೆದ ದನಿ ಉಳಿಸ್ಕೊಂಡೇ ಜೋರು ತಗ್ಗಿಸೋ ಗುಂಡಿ) ಇದೆಯಾ ನೋಡಿ. ಇಲ್ಲಾಂದ್ರೆ ಅಟೆನ್ಯುಯೇಟರ್ (ಸ್ಪೀಕರಿಗೆ ಹೋಗೋ ಪವರ್ ತಗ್ಗಿಸೋದು) ಇಲ್ಲವೇ ಲೋಡ್ ಬಾಕ್ಸ್ (ಸ್ಪೀಕರಿನ ಜಾಗದಲ್ಲಿ ಪವರ್ ನುಂಗೋ ಪೆಟ್ಟಿಗೆ).

ಇಲ್ಲಿ ಹೆಡ್ಡಿಗೆ ಒಂದು ಮೇಲುಗೈ. ಲೋಡ್ ಬಾಕ್ಸಿಗೆ ಸ್ಪೀಕರ್ ಕೇಬಲ್ ಚುಚ್ಚಿದ್ರೆ ಮುಗೀತು, ಕ್ಯಾಬ್ ಸಿಮ್ಯುಲೇಶನ್ (ಕ್ಯಾಬಿನ ದನಿಯ ನಕಲು) ಹಾಕಿ ಹೆಡ್‌ಫೋನಲ್ಲಿ ಕೇಳಿ. ರಿಹರ್ಸಲ್ ಜಾಗದಲ್ಲೇ ಒಂದು ಕ್ಯಾಬ್ ಇದ್ರೆ ಹೆಡ್ ಮಾತ್ರ ಹೊತ್ತು ಹೋಗಿ. ಆರೆಂಜ್ ಕಂಪನಿಯ ಟೈನಿ ಟೆರರ್ ಥರದ, 15 ವ್ಯಾಟನ್ನ 7ಕ್ಕೆ ಇಳಿಸೋ ಪುಟ್ಟ ಹೆಡ್‌ಗಳು 2006ರಿಂದೀಚೆ ಇಷ್ಟು ಹಬ್ಬಿದ್ದೇ ಈ ಅನುಕೂಲಕ್ಕೆ. ಕಾಂಬೋದಲ್ಲೂ ಮಾಡಬಹುದು, ಒಳಗಿನ ಸ್ಪೀಕರ್ ತಂತಿಯ ತುದೀಲಿ ಜ್ಯಾಕ್ ಇದ್ದರೆ. ಕೆಲವದರಲ್ಲಿ ನೇರ ಬೆಸುಗೆ ಹಾಕಿರ್ತಾರೆ, ಕೊಳ್ಳೋ ಮುಂಚೆ ಹಿಂದೆ ಬಗ್ಗಿ ನೋಡಿ.

ಅಟೆನ್ಯುಯೇಟರಿನ ಓಮ್ ಆಂಪಿನದ್ದಕ್ಕೆ ಹೊಂದಬೇಕು, ವ್ಯಾಟ್ ಆಂಪಿಗಿಂತ ಹೆಚ್ಚಿರಬೇಕು. 50 ವ್ಯಾಟನ್ನ ಅರ್ಧ ವ್ಯಾಟಿಗೆ ಇಳಿಸೋಕೆ 20 ಡೆಸಿಬೆಲ್ ತಗ್ಗಿಸಬೇಕು. ಅಷ್ಟು ತಗ್ಗಿಸಿದಾಗ ಸೌಂಡು ಮಂಕಾಗುತ್ತೆ, ಕಿವಿಯೂ ಸ್ಪೀಕರೂ ಎರಡೂ ಬೇರೆ ಥರ ವರ್ತಿಸುತ್ವೆ. ಪವರ್ ಟ್ಯೂಬ್ ಮಾತ್ರ ಪೂರ್ತಿ ದುಡೀತಾನೇ ಇರುತ್ತೆ, ಸವೆತ ಕಮ್ಮಿಯಾಗಲ್ಲ.

ತಂಗಾಳಿ
ಹಾಗಾದ್ರೆ ಕಾಂಬೋ ಕೊಂಡು, ಮುಂದೆ ಬೇಕಾದಾಗ ಹೊರಗಿನ ಕ್ಯಾಬ್ ಹಾಕಿದ್ರೆ ಹೆಡ್ ಆದಂಗೇ ಅಲ್ವಾ? ಎರಡೂ ಸಿಕ್ತು.

ಮೈಕ್ ಹಿಂದಿರೋನು
ಹೌದು. ಚಿಕ್ಕ ಕಾಂಬೋಗಳಿಗೆ ಇದು ದೊಡ್ಡ ಉಪಕಾರ. ಎಂಟು-ಹತ್ತು ಇಂಚಿನ ಸ್ಪೀಕರಿರೋ ಕಾಂಬೋನ 'ಡಬ್ಬ ಸೌಂಡು' ಅಂತ ಬೈತಾರಲ್ಲ, ಅದೇ ಆಂಪನ್ನ ಒಳ್ಳೇ 2×12ಗೆ ಚುಚ್ಚಿ ಕೇಳಿ. ಡಬ್ಬ ಅಂದಿದ್ದು ಡಬ್ಬಕ್ಕೇ, ಆಂಪಿಗಲ್ಲ. ಒಂದು ಸ್ಪೀಕರ್ ಬದಲು ಎರಡಾದ್ರೆ ಪವರ್ ಅಷ್ಟೇ ಇದ್ರೂ ಕೆಳಗಿನ ಸ್ವರಗಳಲ್ಲಿ ಸುಮಾರು 3 ಡೆಸಿಬೆಲ್ ಜಾಸ್ತಿ ಸಿಗುತ್ತೆ. ಎರಡು ಕೋನೂ ಒಟ್ಟಿಗೆ ಗಾಳಿ ತಳ್ಳೋದ್ರಿಂದ.

ಬೆಸುಗೆ
ಒಂದು ಎಚ್ಚರ. ಹಳೇ ಫೆಂಡರ್ ಕಾಂಬೋದಲ್ಲಿ ಮುಖ್ಯ ಸ್ಪೀಕರ್ ಜ್ಯಾಕ್ ಶಾರ್ಟ್ ಆಗುವ ಥರದ್ದು. ಏನೂ ಚುಚ್ಚದಿದ್ರೆ ಅದೇ ಔಟ್‌ಪುಟ್ಟನ್ನ ಶಾರ್ಟ್ ಮಾಡಿ ಟ್ರಾನ್ಸ್‌ಫಾರ್ಮರ್ ಉಳಿಸ್ತದೆ. ಒಳಗಿನ ಸ್ಪೀಕರ್ ಕಿತ್ತು ಹೊರಗಿನ ಕ್ಯಾಬನ್ನ ಎರಡನೇ ಜ್ಯಾಕಿಗೆ ಹಾಕಿದ್ರೆ ಸದ್ದೇ ಬರುವುದಿಲ್ಲ, ಯಾಕಂದ್ರೆ ಮೊದಲ ಜ್ಯಾಕ್ ಖಾಲಿ, ಶಾರ್ಟ್ ಆಗಿಯೇ ಉಂಟು. ಆಂಪ್ ಕೆಟ್ಟಿತು ಅಂತ ರಿಪೇರಿಗೆ ಹೊತ್ತು ಹೋಗ್ಬೇಡಿ. ಕ್ಯಾಬನ್ನ ಮುಖ್ಯ ಜ್ಯಾಕಿಗೇ ಹಾಕಿ.

ಫೀಡ್‌ಬ್ಯಾಕ್ ಫಕೀರ
ರಿಪೇರಿ ಅಂದಾಗ ನೆನಪಾಯ್ತು, ಕಾಂಬೋದಲ್ಲಿ ಬಯಾಸ್ ಮಾಡೋಕೆ (ಪವರ್ ಟ್ಯೂಬಿನ ಕರೆಂಟ್ ಹೊಂದಿಸೋಕೆ) ಷಾಸಿ (ಸರ್ಕ್ಯೂಟ್ ಕೂರಿಸಿರೋ ಲೋಹದ ತಟ್ಟೆ) ಇಳಿಸೋದು ಗೋಳು.

ಬೆಸುಗೆ
ಗೋಳೇ. ಸ್ಪೀಕರ್ ತಂತಿ, ರಿವರ್ಬಿನ ಎರಡು ಕೇಬಲ್, ಎಲ್ಲ ಬಿಚ್ಚಿ, ಮೇಲಿನ ಸ್ಕ್ರೂ ತೆಗೆಯುವಾಗ ಷಾಸಿ ಸ್ಪೀಕರ್ ಕೋನಿನ ಮೇಲೆ ಬೀಳದ ಹಾಗೆ ಹಿಡ್ಕೊಳ್ಬೇಕು. ಹೆಡ್ಡಲ್ಲಿ ನಾಲ್ಕು ಬೋಲ್ಟ್, ಜಾರಿಸಿ ಹೊರಗೆ. ಎರಡರಲ್ಲೂ ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರಲ್ಲಿ 400 ವೋಲ್ಟಿಗೂ ಮೇಲೆ ಉಳಿದಿರ್ಲಿಕ್ಕುಂಟು. ಅದನ್ನ ಇಳಿಸ್ಲಿಕ್ಕೆ ಗೊತ್ತಿಲ್ಲದವರು ಒಳಗೆ ಕೈ ಹಾಕ್ಲಿಕ್ಕಿಲ್ಲ. ಎಸಿ30 ಹಾಗೆ ಕ್ಯಾಥೋಡ್ ಬಯಾಸಿನ (ಕರೆಂಟನ್ನ ತಾನೇ ಹೊಂದಿಸಿಕೊಳ್ಳುವ) ಆಂಪಾದ್ರೆ ಹೊಂದಾಣಿಕೆಯ ರಗಳೆಯೇ ಇಲ್ಲ, ಮ್ಯಾಚ್ ಆದ ಟ್ಯೂಬ್ ಹಾಕಿದ್ರೆ ಸಾಕು.

ಘನಸ್ಥಿತಿ
ಟ್ರಾನ್ಸಿಸ್ಟರಲ್ಲಿ ಈ ರಗಳೆ ಯಾವುದೂ ಇಲ್ಲ ಅಂತ ಹೇಳಬಹುದಾ, ಬೇಡವಾ?

ಫೀಡ್‌ಬ್ಯಾಕ್ ಫಕೀರ
ಬೇಡ.

ಮೈಕ್ ಹಿಂದಿರೋನು
ಯಾವುದೇ ತಗೊಳ್ಳಿ, ಇಡೋ ರೀತಿ ಸರಿ ಮಾಡ್ಕೊಳ್ಳಿ. 12 ಇಂಚಿನ ಸ್ಪೀಕರಿನ ಚೂಪು ಸ್ವರಗಳು ನೇರ ಮುಂದಕ್ಕೇ ಹೋಗ್ತವೆ. ನೆಲದ ಮೇಲಿಟ್ಟ 1×12 ನಿಮ್ಮ ಮೊಣಕಾಲಿಗೆ ಕೇಳಿಸುತ್ತೆ, ನಿಮಗಲ್ಲ. ನಿಮಗೆ ಮಂಕು ಅಂತ ಟ್ರೆಬಲ್ ಏರಿಸ್ತೀರಿ, ಎದುರು ಕೂತವರ ಕಿವಿ ಕೊಯ್ಯುತ್ತೆ. ಹಿಂದಕ್ಕೆ ವಾಲಿಸಿ, ಇಲ್ಲಾ ಕುರ್ಚಿ ಎತ್ತರಕ್ಕೆ ಏರಿಸಿ. ಮೈಕ್ ಇಡೋದಾದ್ರೆ ಎಸ್‌ಎಂ57 ಅಂಥದ್ದನ್ನ ಜಾಲರಿಯಿಂದ 2-5 ಸೆಂಟಿಮೀಟರ್ ದೂರ, ಕೋನಿನ ನಡುವಿನ ಟೋಪಿಯ ಅಂಚಿಗೆ. ಹಿಂಬದಿಗೂ ಎರಡನೇ ಮೈಕ್ ಇಟ್ರೆ ಅದರ ಪೊಲಾರಿಟಿ (ಅಲೆಯ ದಿಕ್ಕು) ತಿರುಗಿಸಿ. ಯಾಕೆ ಅಂತ ಮೇಲೆ ತಂಗಾಳಿಯವರಿಗೆ ಬರೆದಿದ್ದೀನಿ.

ಆರುತಂತಿ
ಸರಿ, 50 ವ್ಯಾಟ್ ಆಸೆ ಬಿಟ್ಟೆ. ರಿವರ್ಬ್ ಇರೋ 22 ವ್ಯಾಟ್ ಕಾಂಬೋ, ಸ್ಪೀಕರ್ ತಂತಿಗೆ ಜ್ಯಾಕ್ ಇರೋದು. ಗೆಳೆಯನ ಹತ್ತಿರ ಮುಚ್ಚಿದ 2×12 ಕ್ಯಾಬ್ ಸುಮ್ನೆ ಬಿದ್ದಿದೆ, ಆಗಾಗ ಅದಕ್ಕೆ ಹಾಕಿ ನೋಡ್ತೀನಿ. ಹಿಂದಿನ ಚೀಟಿ ಹರಿದುಹೋಗಿದೆ, ಎಷ್ಟು ಓಮ್ ಅಂತ ಗೊತ್ತಿಲ್ಲ. ಬಿಚ್ಚಬೇಕಾ?

ಓಮ್‌ಕಾರ
ಬೇಡ. ಸ್ಪೀಕರ್ ಕೇಬಲಿನ ಒಂದು ತುದಿ ಕ್ಯಾಬಿಗೆ ಚುಚ್ಚಿ, ಇನ್ನೊಂದು ತುದಿಯ ಮೂತಿ ಮತ್ತು ಬುಡಕ್ಕೆ ಮಲ್ಟಿಮೀಟರ್ ಇಡಿ. ಮೀಟರ್ ತೋರಿಸೋದು ಡಿಸಿ ರೆಸಿಸ್ಟೆನ್ಸ್, ಅಸಲಿ ಓಮಿಗಿಂತ ಸ್ವಲ್ಪ ಕಮ್ಮಿ ಇರುತ್ತೆ. 12-13 ಬಂದ್ರೆ 16 ಓಮ್. 6-7 ಬಂದ್ರೆ 8. 3-3.5 ಬಂದ್ರೆ 4. ಅಂಕಿಯೇ ಬರದಿದ್ರೆ ಒಳಗೆ ತಂತಿ ಕಡಿದಿದೆ, ಆಂಪಿಗೆ ಹಾಕಲೇಬೇಡಿ.

ಆರುತಂತಿ
6.4.

ಓಮ್‌ಕಾರ
8 ಓಮ್. ಒಳಗೆ ಎರಡು 16 ಪ್ಯಾರಲಲ್ ಇರಬೇಕು. ಕಾಂಬೋನೂ 8 ಆದ್ರೆ ಒಳಗಿನ ಸ್ಪೀಕರ್ ಕಿತ್ತು, ಅದೇ ಜ್ಯಾಕಿಗೆ ಇದನ್ನ ಹಾಕಿ. ಕೇಬಲ್ ಮೊದಲು, ಸ್ವಿಚ್ ಆಮೇಲೆ.

ಪಿಕ್ ಕಳ್ಳ
ಕ್ಯಾಬ್ ಗೆಳೆಯನ ಮನೇಲೇ ಇರಲಿ. ಮೆಟ್ಟಿಲು ಅವನು ಹತ್ತಲಿ.